ಒಂದು ಗಿಡಕ್ಕೆ ಮೂರು ಮನೆ

(ಬದಿಯಡ್ಕ ಸಮೀಪದ ವಾಚನಾಲಯವೊಂದರಲ್ಲಿ, ಮನೆಯಂಗಳದಲ್ಲಿ ಹೂಗಿಡ ಬೆಳೆಸುವವರ ಮುಂದೆ ಆಡಿದ ಮಾತುಗಳ ಬರಹ ರೂಪ. ಕೆಲವು ಕಡೆ ಕತ್ತರಿಸಿದ್ದೇನೆ. ಅಂದು ಹೊತ್ತು ಸಾಲದೆ ಬಿಟ್ಟದ್ದನ್ನು ಒಂದೆರಡು ಕಡೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಫ್ಯಾನಿನ ಸದ್ದಿಗೆ ನನ್ನ ಮಾತು ಕೇಳಿಸದಿದ್ದರೆ ಹಿಂದಿನ ಸಾಲಿನವರು ಕೈ ಮಾಡಿ.

ನಮ್ಮ ಕಾಸರಗೋಡು ಜಿಲ್ಲೆಗೆ ಅದರದ್ದೇ ಆದ ಒಂದು ಹೂವಿದೆ. ಕೇರಳಕ್ಕೆ ಕೊಂದೆ ಹೂ ಹೇಗೋ ಹಾಗೆ ಜಿಲ್ಲೆಗೆ ಪೆರಿಯ ಪೋಳತ್ತಾಳಿ. ಜೊತೆಗೆ ಮರ ಅಂತ ಕಾಸರಕ, ಹಕ್ಕಿ ಅಂತ ಬಿಳಿ ಹೊಟ್ಟೆಯ ಕಡಲ ಹದ್ದು. ಇದನ್ನು ಘೋಷಿಸಿ ಕೆಲವು ವರ್ಷವಾಯಿತು. ಆ ಹೂವನ್ನು ಕಣ್ಣಾರೆ ನೋಡಿದವರು ಇಲ್ಲಿ ಯಾರಿದ್ದೀರಿ? ನೋಡಿ, ಒಬ್ಬರೇ. ಅವರೂ ಪೆರಿಯದ ಕಡೆಯವರು.

ಕಾಸರಗೋಡಿನಿಂದ ಕಾಞಂಗಾಡಿಗೆ ಹೋಗುವಾಗ ಸಿಗುವ ಪೆರಿಯದಲ್ಲೇ ಈ ಗಿಡ ವಿಜ್ಞಾನಿಗಳ ಕಣ್ಣಿಗೆ ಬಿದ್ದದ್ದು. 2012ರಲ್ಲಿ ಲೇಖಕ್ ಮತ್ತು ಯಾದವ್ ಎಂಬ ಸಸ್ಯಶಾಸ್ತ್ರಜ್ಞರು ಇದು ಹೊಸ ಜಾತಿ ಎಂದು ವಿವರಿಸಿ ಕ್ರೈನಮ್ ಮಲಬಾರಿಕಮ್ ಎಂದು ಹೆಸರಿಟ್ಟರು. ನಮ್ಮ ಜಾಲಿನ, ಅಂದರೆ ಅಂಗಳದ, ಬದಿಯಲ್ಲಿ ದಪ್ಪ ಗಡ್ಡೆಯ, ಅಗಲ ಎಲೆಯ, ಬಿಳಿ ಹೂ ಬಿಡುವ ದೊಡ್ಡ ಲಿಲ್ಲಿ ಇರುತ್ತದಲ್ಲ, ಅದರ ಕುಲದ್ದೇ. ಆದರೆ ಇದು ಹೊಳೆಯೊಳಗಿನ ಗಿಡ. ಗಡ್ಡೆ ನೀರಿನಡಿಯಲ್ಲಿ, ಎಲೆಗಳು ಹರಿವಿನ ಜೊತೆ ಉದ್ದಕ್ಕೆ ಮಲಗಿಕೊಂಡು, ಹೂವು ಮಾತ್ರ ನೀರಿನ ಮೇಲೆ.

ಈ ಹೂವನ್ನು ಮೊದಲಿಗೇ ಎತ್ತಿಕೊಂಡದ್ದು ಅದರ ಬೀಜದ ಕಾರಣಕ್ಕೆ. ಕ್ರೈನಮ್ ಬೀಜ ಒಣಗಿಸಿ ಡಬ್ಬಿಗೆ ಹಾಕಿಡುವಂಥದ್ದಲ್ಲ. ಹಸಿಯಾಗಿ, ತಿರುಳು ತುಂಬಿಕೊಂಡ ಉಂಡೆ ಅದು. ಮೇಜಿನ ಮೇಲೆ ಇಟ್ಟರೂ ಮಣ್ಣು, ನೀರು ಯಾವುದಕ್ಕೂ ಕಾಯದೆ ಮೊಳಕೆ ಹಾಕುತ್ತದೆ. ಒಣಗಿಸಿದರೆ ಸಾಯುತ್ತದೆ.

ನಾರ್ವೆ ದೇಶದ ಸ್ವಾಲ್ಬಾರ್ಡಿನಲ್ಲಿ 2008ರಲ್ಲಿ ಶುರುವಾದ ಬೀಜದ ಖಜಾನೆಯ ಬಗ್ಗೆ ನೀವು ಓದಿರುತ್ತೀರಿ. ಮಂಜು ಕವಿದ ಗುಡ್ಡದೊಳಗೆ, ಮೈನಸ್ 18 ಡಿಗ್ರಿಯಲ್ಲಿ, ಜಗತ್ತಿನ ಬೆಳೆಗಳ ಬೀಜ ಭದ್ರವಾಗಿದೆ. ಭತ್ತ, ಗೋಧಿ, ದ್ವಿದಳ ಧಾನ್ಯಕ್ಕೆಲ್ಲ ಅದು ಸರಿ. ಆದರೆ ಹಲಸು, ಮಾವು, ತೆಂಗು, ಕೊಕ್ಕೊ, ಹೀಗೆ ನಮ್ಮ ಹಿತ್ತಿಲಿನ ಅರ್ಧಕ್ಕರ್ಧ ಮರಗಳ ಬೀಜ ಅಲ್ಲಿಗೆ ಹೋಗುವ ಹಾಗೆಯೇ ಇಲ್ಲ, ಒಣಗಿಸಿದ ಕೂಡಲೇ ಕತೆ ಮುಗಿಯಿತು. ಇವನ್ನು ಉಳಿಸಬೇಕಾದರೆ ಜೀವಂತ ಗಿಡವಾಗಿಯೇ ಉಳಿಸಬೇಕು. ನಮ್ಮ ಸಿಪಿಸಿಆರ್‌ಐ, ಅಂದರೆ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು ಸುಬ್ರಹ್ಮಣ್ಯದ ಹತ್ತಿರ ಕಿದುವಿನಲ್ಲಿ ದೇಶ ವಿದೇಶದ ತೆಂಗಿನ ತಳಿಗಳನ್ನು ತೋಟವಾಗಿ ನೆಟ್ಟು ಇಟ್ಟುಕೊಂಡದ್ದು ಅದಕ್ಕೇ. ಇನ್ನು ಗೆಲ್ಲಿನಿಂದ, ಗಡ್ಡೆಯಿಂದ ಮಾತ್ರ ಬರುವ ಹೂಗಿಡಗಳಿಗಂತೂ ಬೀಜದ ಪ್ರಶ್ನೆಯೇ ಇಲ್ಲ. ಅವುಗಳ ಖಜಾನೆ ಯಾರದೋ ಮನೆಯ ಅಂಗಳ.

ಹಾಗಾಗಿ ಅಪರೂಪದ ಗಿಡವನ್ನು ಮನೆಯಲ್ಲಿ ಇಟ್ಟುಕೊಂಡವನು ಅದನ್ನು ಉಳಿಸಿದ ಹಾಗಾಗುವುದಿಲ್ಲ. ಅದು ಕನಿಷ್ಠ ಮೂರು ಮನೆಯಲ್ಲಿ, ಎಲ್ಲಿಂದ ಬಂತು ಎಂಬ ಗುರುತಿನ ಸಮೇತ ಇದ್ದರೆ ಮಾತ್ರ ಉಳಿದ ಹಾಗೆ. ಇವತ್ತು ನಾನು ಹೇಳಲಿಕ್ಕೆ ಬಂದದ್ದು ಇದನ್ನೇ. ಉಳಿದದ್ದೆಲ್ಲ ಇದರ ವಿವರ.

ಹವ್ಯಾಸಿಗಳಿಂದ ಏನಾದೀತು ಎಂದು ಕೇಳುವವರಿಗೆ ಮೊದಲು ಚಿಲಿ ದೇಶದ ಒಂದು ಉದಾಹರಣೆ. ಅಲ್ಲಿ ಟೆಕೊಫಿಲಿಯ ಎಂಬ ಪುಟ್ಟ ಗಡ್ಡೆಗಿಡವಿದೆ. ಹೂವಿನ ನೀಲಿ ಎಷ್ಟು ಗಾಢ ಎಂದರೆ ಯುರೋಪಿನವರು ಅದಕ್ಕೆ ಮರುಳಾಗಿ ಚೀಲಗಟ್ಟಲೆ ಗಡ್ಡೆ ತರಿಸಿಕೊಂಡರು. ಮಿಕ್ಕಿದ್ದನ್ನು ದನಕರು ಮೇದವು. ಕಾಡಿನಲ್ಲಿ ಇಲ್ಲವೇ ಇಲ್ಲ ಎಂದು ತೀರ್ಮಾನವಾಯಿತು. ಎಷ್ಟೋ ದಶಕ ಆ ಜಾತಿ ಭೂಮಿಯ ಮೇಲಿದ್ದದ್ದು ಹವ್ಯಾಸಿಗಳ ಮತ್ತು ಕೆಲವು ತೋಟಗಳ ಕುಂಡಗಳಲ್ಲಿ ಮಾತ್ರ. ಕೊನೆಗೆ 2001ರಲ್ಲಿ ಸ್ಯಾಂಟಿಯಾಗೊದ ದಕ್ಷಿಣಕ್ಕೆ ಒಂದು ಕಡೆ ಅದು ಮತ್ತೆ ಸಿಕ್ಕಿತು. ಇದರಲ್ಲಿ ಹೊಗಳಿಕೆಯೂ ಇದೆ, ಬೈಗುಳವೂ ಇದೆ ಎಂಬುದನ್ನು ಗಮನಿಸಿ. ಗಿಡವನ್ನು ಕಾಡಿನಿಂದ ಖಾಲಿ ಮಾಡಿದ್ದರಲ್ಲಿ ಹೂಗಿಡದ ಹುಚ್ಚಿನವರ ಪಾಲು ದೊಡ್ಡದು, ಉಳಿಸಿದವರೂ ಅವರೇ.

ಅಮೆರಿಕದ ಜಾರ್ಜಿಯಾದ ಫ್ರಾಂಕ್ಲಿನಿಯ ಮರದ ಕತೆಯೂ ಹೀಗೇ. 1765ರಲ್ಲಿ ಬಾರ್ಟ್ರಮ್ ಎಂಬ ತಂದೆ ಮಗ ಅದನ್ನು ಒಂದು ನದಿಯ ದಂಡೆಯಲ್ಲಿ ಕಂಡರು, ಆಮೇಲೆ ತಮ್ಮ ತೋಟದಲ್ಲಿ ಬೆಳೆಸಿದರು. 1803ರ ನಂತರ ಕಾಡಿನಲ್ಲಿ ಅದನ್ನು ನೋಡಿದವರಿಲ್ಲ. ಇವತ್ತು ಜಗತ್ತಿನಲ್ಲಿ ಎಲ್ಲೇ ಇರಲಿ, ಅದು ಆ ಒಂದು ತೋಟದ ಸಂತಾನ.

ಇನ್ನೂ ಹತ್ತಿರದ್ದು ಬೇಕೋ? ಮಡಿಕೇರಿ, ಊಟಿಯ ಕಡೆ ಬೇಲಿ ಬದಿಯಲ್ಲಿ ಗಂಟೆಯ ಹಾಗೆ ತಲೆಕೆಳಗಾಗಿ ಜೋತುಬೀಳುವ ಬಿಳಿ, ಹಳದಿ ಹೂವಿನ ದತ್ತೂರದ ಜಾತಿಯ ಗಿಡ ನೋಡಿದ್ದೀರಿ. ಬ್ರುಗ್ಮಾನ್ಸಿಯ. ಮೂಲ ದಕ್ಷಿಣ ಅಮೆರಿಕ. ಅಳಿವಿನಂಚಿನ ಜೀವಿಗಳ ಲೆಕ್ಕ ಇಡುವ ಐಯುಸಿಎನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯವರ ಪಟ್ಟಿಯಲ್ಲಿ ಅದು ‘ಕಾಡಿನಲ್ಲಿ ಅಳಿದದ್ದು’ ಎಂಬ ಸಾಲಿನಲ್ಲಿದೆ. ನಾವು ರಸ್ತೆ ಬದಿಯ ಕಳೆ ಎಂದುಕೊಂಡದ್ದು ಅದರ ತವರಿನ ಕಾಡಿನಲ್ಲಿ ತಾನಾಗಿ ಬೆಳೆಯುವುದಿಲ್ಲ, ಜನ ಗೆಲ್ಲು ಮುರಿದು ಒಬ್ಬರಿಗೊಬ್ಬರು ಕೊಟ್ಟುಕೊಂಡೇ ಇಷ್ಟು ದೂರ ಬಂದಿದೆ. (ಹಾಗಂತ ಮಕ್ಕಳಿರುವ ಮನೆಗೆ ತರಬೇಡಿ, ಬೇರಿನಿಂದ ಹೂವಿನ ತನಕ ವಿಷ.)

ಈಗ ನಮ್ಮೂರಿಗೆ ಬರೋಣ. ಭತ್ತ ಹೂಗಿಡವಲ್ಲ ಎನ್ನಬೇಡಿ, ಕೆಲಸದ ಕ್ರಮಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇರೆ ಇಲ್ಲ. ಬೆಳ್ಳೂರು ನೆಟ್ಟಣಿಗೆಯ ಕಡೆಯ ಸತ್ಯನಾರಾಯಣ ಬೆಳೇರಿಯವರಿಗೆ 2024ರಲ್ಲಿ ಪದ್ಮಶ್ರೀ ಬಂತು, 650ಕ್ಕೂ ಹೆಚ್ಚು ಭತ್ತದ ತಳಿ ಉಳಿಸಿದ್ದಕ್ಕೆ. ಅಷ್ಟು ತಳಿಗೆ ಎಷ್ಟು ಎಕರೆ ಗದ್ದೆ ಬೇಕು ಎಂದು ಯಾರಾದರೂ ಕೇಳಿಯಾರು. ಅವರು ಮಾಡಿದ್ದು ಕಾಗದದ ಲೋಟದಲ್ಲಿ ಮೊಳಕೆ ಬರಿಸಿ, ಗ್ರೋ ಬ್ಯಾಗಿಗೆ ನಾಟಿ ಮಾಡಿ, ಪ್ರತಿ ತಳಿಯನ್ನೂ ಒಂದು ಹಿಡಿಯಷ್ಟು ಬೆಳೆಸಿ ಮತ್ತೆ ಬೀಜ ತೆಗೆಯುವುದು. ರಾಜಕಯಮೆಯಂಥ ತಳಿ ಇವತ್ತು ಮೂರು ರಾಜ್ಯದ ರೈತರ ಗದ್ದೆ ಮುಟ್ಟಿದೆ. ಗದ್ದೆ ಇಲ್ಲದಿದ್ದರೂ ಭತ್ತ ಉಳಿಸಬಹುದಾದರೆ ತಾರಸಿ ಇದ್ದವರಿಗೆ ನೆಪವಿಲ್ಲ.

ಆದರೆ ಇದರಲ್ಲೊಂದು ಒಳಗುಟ್ಟಿದೆ. ಭತ್ತ ತನ್ನ ಪರಾಗವನ್ನು ತಾನೇ ಬಳಸಿಕೊಳ್ಳುವ ಬೆಳೆ. ಪಕ್ಕದ ಚೀಲದಲ್ಲಿ ಬೇರೆ ತಳಿ ಇದ್ದರೂ ಬೆರಕೆಯಾಗುವುದು ಕಡಿಮೆ. ಸೌತೆ, ಕುಂಬಳ ಹಾಗಲ್ಲ. ಅಜ್ಜಿಯ ಕಾಲದ ಸೌತೆ ಅಂತ ನೀವು ಬೀಜ ಇಟ್ಟಿದ್ದೀರಿ, ನೆರೆಮನೆಯವರು ಅಂಗಡಿಯ ಬೀಜ ಹಾಕಿದ್ದಾರೆ, ನಡುವೆ ಜೇನ್ನೊಣ ಇದೆ. ಮೂರನೇ ವರ್ಷಕ್ಕೆ ಅಜ್ಜಿಯ ಸೌತೆ ಹೆಸರಿಗೆ ಮಾತ್ರ. ಇದಕ್ಕೆ ಮದ್ದು ಸುಲಭ. ನಾಳೆ ಅರಳಲಿರುವ ಹೆಣ್ಣು ಹೂವನ್ನು, ಬುಡದಲ್ಲಿ ಪುಟ್ಟ ಮಿಡಿ ಇರುವುದರಿಂದ ಗುರುತು ಸಿಗುತ್ತದೆ, ಸಂಜೆಯೇ ನೂಲಿನಿಂದ ಬಾಯಿ ಕಟ್ಟಿಡಿ. ಒಂದೆರಡು ಗಂಡು ಹೂವಿಗೂ ಹಾಗೇ ಮಾಡಿ. ಬೆಳಿಗ್ಗೆ ಗಂಡು ಹೂವಿನ ಎಸಳು ಕಿತ್ತು, ಕೇಸರವನ್ನು ಹೆಣ್ಣು ಹೂವಿನ ಒಳಗೆ ಮೆಲ್ಲಗೆ ಉಜ್ಜಿ, ಮತ್ತೆ ಕಟ್ಟಿಬಿಡಿ. ಆ ಕಾಯಿಯ ತೊಟ್ಟಿಗೊಂದು ಬಣ್ಣದ ದಾರ. ಅದೊಂದನ್ನು ಬೀಜಕ್ಕೆ ಬಿಡಿ, ಉಳಿದದ್ದು ಹುಳಿಗೆ, ಸಾಂಬಾರಿಗೆ.

ಅಪರೂಪ ಎನ್ನುವುದರಲ್ಲೂ ಎರಡು ಬಗೆ ಇದೆ, ಬೆರೆಸಬಾರದು. ಒಂದು, ಜಾತಿಯೇ ಅಳಿವಿನಂಚಿನಲ್ಲಿರುವುದು. ಅಶೋಕ ಅಂಥದ್ದಕ್ಕೆ ಹತ್ತಿರ, ಐಯುಸಿಎನ್ ಅದನ್ನು ಅಪಾಯಕ್ಕೆ ಈಡಾಗಬಲ್ಲ ಜಾತಿ ಎಂದು ಪಟ್ಟಿ ಮಾಡಿದೆ, ಕಾರಣ ಔಷಧಿಗೆಂದು ತೊಗಟೆ ಸುಲಿಯುವುದು. ನಾನು ಹೇಳುವುದು ಕಾಂಡಕ್ಕೇ ಅಂಟಿಕೊಂಡು ಕೇಸರಿ ಹೂಗೊಂಚಲು ಬಿಡುವ ಅಶೋಕ. ಗೇಟಿನ ಎರಡೂ ಕಡೆ ಕಂಬದ ಹಾಗೆ ನಿಲ್ಲಿಸುವ ಮರ ಬೇರೆಯೇ, ಅದನ್ನು ನೆಟ್ಟು ಅಶೋಕ ಉಳಿಸಿದೆ ಎಂದು ಹೇಳಬೇಡಿ. ಇನ್ನೊಂದು, ಜಾತಿಗೆ ಏನೂ ಆಗಿಲ್ಲ, ಆದರೆ ನಮ್ಮ ಊರಿನ ಆ ಒಂದು ಬಗೆ ಹೋಗುತ್ತಿದೆ. ಒಂಟಿ ಎಸಳಿನ ಹಳೆ ದಾಸವಾಳ, ಬಿಳಿ ಗೋರಟೆ, ರಥಪುಷ್ಪ, ಮನೆ ಹಿಂದಿನ ಸುರಗಿ. ಹೋಗಲು ಕಾರಣ ಹುಡುಕಲು ದೂರ ಹೋಗಬೇಡಿ. ಜಾಗ ಪಾಲಾಗುತ್ತದೆ, ಜೆಸಿಬಿ ಬರುತ್ತದೆ, ಜಾಲಿಗೆ ಇಂಟರ್‌ಲಾಕ್ ಹಾಸುತ್ತಾರೆ. ಆಮೇಲೆ ಮನೆ ಒಕ್ಕಲಿನ ದಿವಸಕ್ಕೆ ನರ್ಸರಿಯಿಂದ, ಅಂದರೆ ಹೆಚ್ಚಿನಂಶ ಆಂಧ್ರದ ಕಡಿಯಂನಿಂದ ಲಾರಿಯಲ್ಲಿ ಬಂದದ್ದರಿಂದ, ಎಲ್ಲರ ಮನೆಯಲ್ಲೂ ಒಂದೇ ಬಗೆಯ ಗಿಡ.

ಗೆಲ್ಲು ಊರಿ ಮಾಡುವುದರಲ್ಲಿ ಒಂದು ತೊಡಕಿದೆ. ಕೇದಗೆಯನ್ನೇ ತೆಗೆದುಕೊಳ್ಳಿ. ನಾಗರ ಪಂಚಮಿಗೆ ಅದಿಲ್ಲದೆ ಆಗುವುದಿಲ್ಲ. ಕೇದಗೆಯಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ನಾವು ಪರಿಮಳಕ್ಕೆ ಆಸೆಪಟ್ಟು ಕೊಯ್ಯುವುದು ಗಂಡು ಗಿಡದ ಹೂವನ್ನು. ಯಾರೋ ಹಿರಿಯರು ಒಂದು ಕಂದು ತಂದು ನೆಟ್ಟರು, ಅದರಿಂದ ಕಿತ್ತು ಹತ್ತು ಮನೆಗೆ ಕೊಟ್ಟರು. ನೋಡಲು ಹತ್ತು ಗಿಡ, ಲೆಕ್ಕಕ್ಕೆ ಒಂದೇ. ಎಲ್ಲವೂ ಗಂಡು, ಬೀಜವೇ ಇಲ್ಲ. ರೋಗ ಬಂದರೆ ಹತ್ತಕ್ಕೂ ಒಟ್ಟಿಗೇ. ಪುನರ್ಪುಳಿಯೂ ಗಂಡು ಹೆಣ್ಣು ಬೇರೆ ಇರುವ ಮರವೇ, ಆದರೆ ಅದನ್ನು ಹೆಚ್ಚಾಗಿ ಬೀಜದಿಂದ ಮಾಡುವುದರಿಂದ ಊರಿನಲ್ಲಿ ಎರಡೂ ಉಳಿದುಕೊಂಡಿವೆ, ಕಾಯಿ ಬಿಡುವುದಿಲ್ಲ ಎಂದು ಗಂಡು ಮರವನ್ನು ಕಡಿಯದಿದ್ದರೆ ಸಾಕು. ಹಾಗಾಗಿ ಹೆಣ್ಣು ಕೇದಗೆ ಎಲ್ಲಾದರೂ ತೋಡಿನ ಬದಿಯಲ್ಲಿ ಕಂಡರೆ ಪರಿಮಳವಿಲ್ಲ ಎಂದು ಬಿಟ್ಟುಬರಬೇಡಿ, ಎಲ್ಲಿದೆ ಎಂದು ಬರೆದಿಡಿ.

ಬರೆದಿಡುವುದು ಎಂದೆ. ಹವ್ಯಾಸಿಗಳ ಸಂಗ್ರಹ ಹಾಳಾಗುವುದು ಗಿಡ ಸತ್ತು ಅಲ್ಲ, ಗುರುತು ಸತ್ತು. ಬೆಳೆಸಿದ ಅಮ್ಮನಿಗೆ ಎಲ್ಲ ಗೊತ್ತಿರುತ್ತದೆ: ಇದು ತವರಿನಿಂದ ತಂದದ್ದು, ಇದು ಕುಂಬಳೆಯ ಅತ್ತಿಗೆ ಕೊಟ್ಟದ್ದು, ಇದು ಕಡಿದ ಮರದಿಂದ ಬಿದ್ದದ್ದು. ಅಮ್ಮ ಹೋದ ಮೇಲೆ ಮಗನಿಗೆ ಅದೆಲ್ಲ ಬರೀ ‘ಅಮ್ಮನ ಗಿಡ’. ಮಾರ್ಕರ್ ಪೆನ್ನಿನಲ್ಲಿ ಬರೆದರೆ ಒಂದು ಬೇಸಗೆಯ ಬಿಸಿಲಿಗೆ ಮಾಯ. ಪ್ಲಾಸ್ಟಿಕ್ ಪಟ್ಟಿಯ ಮೇಲೆ ಸಾದಾ ಸೀಸದ ಕಡ್ಡಿಯಲ್ಲಿ ಬರೆದದ್ದು ಅದಕ್ಕಿಂತ ಹೆಚ್ಚು ಬಾಳುತ್ತದೆ. ಅದಕ್ಕೂ ಒಳ್ಳೆಯದು ತಂಪು ಪಾನೀಯದ ಅಲ್ಯೂಮಿನಿಯಂ ಡಬ್ಬಿ. ಕತ್ತರಿಯಲ್ಲಿ ಬೆರಳಗಲದ ಪಟ್ಟಿ ಮಾಡಿ, ಅಂಚು ಹರಿತ, ಜಾಗ್ರತೆ, ಅಡಿಗೆ ನಾಲ್ಕು ಮಡಿಕೆ ಪೇಪರ್ ಇಟ್ಟು, ಶಾಯಿ ಮುಗಿದ ಬಾಲ್‌ಪೆನ್ನಿನಲ್ಲಿ ಒತ್ತಿ ಬರೆಯಿರಿ. ಅಕ್ಷರ ತಗ್ಗಾಗಿ ಕೂರುತ್ತದೆ. ನಮ್ಮ ಆಷಾಢ, ಶ್ರಾವಣದ ಮಳೆಯೂ ಅಳಿಸಲಾರದು. ತೂತು ಮಾಡಿ ತಂತಿಯಲ್ಲಿ ಸಡಿಲವಾಗಿ ಕಟ್ಟಿ, ಬಿಗಿದರೆ ಕಾಂಡ ದಪ್ಪವಾದಾಗ ಕತ್ತು ಹಿಸುಕುತ್ತದೆ. ಬರೆಯಬೇಕಾದ್ದು ಮೂರೇ: ಹೆಸರು, ಯಾವ ಊರಿನ ಯಾವ ಜಾಗದ್ದು, ಯಾವ ವರ್ಷ. ಶಾಸ್ತ್ರೀಯ ಹೆಸರು ಗೊತ್ತಿಲ್ಲದಿದ್ದರೆ ಊರಿನ ಹೆಸರು ಸಾಕು. ತಪ್ಪು ಶಾಸ್ತ್ರೀಯ ಹೆಸರಿಗಿಂತ ಸರಿಯಾದ ಊರಿನ ಹೆಸರು ಮೇಲು. ಎಲ್ಲಿಂದ ಬಂತು ಎನ್ನುವುದನ್ನು ಮಾತ್ರ ಬಿಡಬೇಡಿ. ನಾಳೆ ಯಾರಾದರೂ ಆ ಗಿಡವನ್ನು ಅದರ ಜಾಗಕ್ಕೆ ವಾಪಸು ನೆಡಬೇಕೆಂದಿದ್ದರೆ ಅವರಿಗೆ ಬೇಕಾಗುವುದು ಅದೇ.

ಇನ್ನು ತುಸು ಖಾರದ ಮಾತು. ಉಳಿಸುತ್ತೇನೆ ಎಂದು ಕಾಡಿಗೆ ಹೋಗಿ ಕಿತ್ತು ತರುವುದು ಉಳಿಸುವುದಲ್ಲ. ಸೀತಾಳೆ ದಂಡೆ ಎಂಬ, ಮರದ ಮೇಲೆ ಬೆಳೆಯುವ ಆರ್ಕಿಡ್ ಹೂ ಬಿಟ್ಟಾಗ ಮರದಿಂದ ಸುಲಿದು ತಂದು ತೊಟ್ಟೆಯಲ್ಲಿಟ್ಟು ರಸ್ತೆ ಬದಿ ಮಾರುವವರಿದ್ದಾರೆ, ಕೊಳ್ಳುವವರು ನಾವು. ಆರ್ಕಿಡ್ಡಿನ ಒಂದು ಕಾಯಿಯಲ್ಲಿ ಲಕ್ಷಗಟ್ಟಲೆ ಬೀಜ ಇದ್ದರೂ ಅದು ಧೂಳಿನಷ್ಟು ಸಣ್ಣದು, ಒಳಗೆ ಆಹಾರದ ಗಂಟಿಲ್ಲ. ಒಂದು ಬಗೆಯ ಶಿಲೀಂಧ್ರ ಜೊತೆ ಸಿಕ್ಕಿದರೆ ಮಾತ್ರ ಮೊಳೆಯುತ್ತದೆ. ಅಂದರೆ ನಾವು ಕಿತ್ತ ಜಾಗ ತುಂಬುವುದು ಸುಲಭವಿಲ್ಲ. ಹೆದ್ದಾರಿಗೆಂದು ಉರುಳಿಸಿದ ಮರದ ಮೇಲಿದ್ದದ್ದು, ಗಾಳಿಗೆ ಬಿದ್ದ ಕೊಂಬೆಯ ಮೇಲಿದ್ದದ್ದು, ಅದನ್ನು ಎತ್ತಿಕೊಂಡು ಬನ್ನಿ, ಮನೆಯ ಹಲಸಿನ ಮರಕ್ಕೆ ತೆಂಗಿನ ನಾರಿನಿಂದ ಕಟ್ಟಿ. ಕಾನೂನೂ ಇದೆ. 1972ರ ವನ್ಯಜೀವಿ ಕಾಯ್ದೆಗೆ 1991ರಲ್ಲಿ ಗಿಡಗಳನ್ನೂ ಸೇರಿಸಿದರು. ನೀಲಿ ವ್ಯಾಂಡಾ ಎಂಬ ಆರ್ಕಿಡ್, ಕೀಟ ತಿನ್ನುವ ಪಿಚರ್ ಗಿಡದಂಥವನ್ನು ಪರವಾನಗಿ ಇಲ್ಲದೆ ಬೆಳೆಸುವಂತೆಯೂ ಇಲ್ಲ. ಆನ್‌ಲೈನಿನಲ್ಲಿ ಮಾರಾಟಕ್ಕಿದೆ ಎಂದ ಮಾತ್ರಕ್ಕೆ ಕೊಳ್ಳಲು ಅಡ್ಡಿಯಿಲ್ಲ ಎಂದಲ್ಲ.

ಪೋಳತ್ತಾಳಿಯನ್ನೂ ಅದೇ ಕಾರಣಕ್ಕೆ ಮನೆಗೆ ತರಬೇಡಿ. ಅದರ ಹತ್ತಿರದ ಸಂಬಂಧಿ ಥಾಯ್ಲೆಂಡಿನ ಹೊಳೆಗಳಲ್ಲಿದೆ. ಅಕ್ವೇರಿಯಂ ವ್ಯಾಪಾರಕ್ಕೆಂದು ಗಡ್ಡೆ ಕಿತ್ತು, ಹೊಳೆಯ ಹೂಳೆತ್ತಿ ಅದನ್ನು ಅಪಾಯದ ಅಂಚಿಗೆ ತಂದಿದ್ದಾರೆ. ಹರಿಯುವ ನೀರಿನ ಗಿಡಕ್ಕೆ ನಮ್ಮ ಪ್ಲಾಸ್ಟಿಕ್ ಟಬ್ಬು ಮನೆಯಾಗುವುದಿಲ್ಲ. ನಮ್ಮ ಪದವುಗಳ, ಅಂದರೆ ಗುಡ್ಡದ ಮೇಲಿನ ಕಲ್ಲುಬಯಲುಗಳ, ಗಿಡಗಳೂ ಹಾಗೆಯೇ. ಮುರಕಲ್ಲಿನ ಹಾಸಿನ ಮೇಲೆ ಮಳೆಗಾಲದಲ್ಲಿ ನೀಲಿ ಚಾಪೆ ಹಾಸಿದಂತೆ ಅರಳುವ ಪುಟ್ಟ ಹೂಗಳು, ಹುಳ ಹಿಡಿಯುವ ಡ್ರಾಸೆರ, ಇವು ಬದುಕುವುದು ಸಾರವೇ ಇಲ್ಲದ, ಅಂಗುಲದಷ್ಟು ಮಣ್ಣಿನಲ್ಲಿ. ಅವಕ್ಕೆ ಸುಡುಮಣ್ಣು, ಸೆಗಣಿ ಹಾಕಿ ಉಪಚಾರ ಮಾಡಿದರೆ ಸಾಯುತ್ತವೆ. ಅಲ್ಲಿ ಉಳಿಸಬೇಕಾದ್ದು ಆ ಪದವಿನ ಜಾಗವನ್ನೇ, ಕಲ್ಲುಕೋರೆಗೆ ಕೊಡುವ ಮೊದಲು ಪಂಚಾಯತು ಸಭೆಯಲ್ಲಿ ಬಾಯಿ ಬಿಡಬೇಕು. ಹೂಕುಂಡದಿಂದ ಎಲ್ಲವೂ ಆಗುತ್ತದೆ ಎಂದು ನಾನು ಹೇಳಿದರೆ ಸುಳ್ಳಾದೀತು.

ಕುಂಡದಿಂದ ಎಷ್ಟು ಆಗಬಹುದು ಎಂದು ನೋಡಬೇಕಿದ್ದರೆ ಇನ್ನೊಂದು ಪೆರಿಯಕ್ಕೆ ಹೋಗಿ, ವಯನಾಡಿನ ಪೆರಿಯ. ಅಲ್ಲಿ ವುಲ್ಫ್‌ಗಾಂಗ್ ತೊಯರ್‌ಕಾಫ್ ಎಂಬ ಜರ್ಮನಿಯವರು 1981ರಲ್ಲಿ ಗುರುಕುಲ ಬೊಟಾನಿಕಲ್ ಸ್ಯಾಂಕ್ಚುರಿ ಶುರು ಮಾಡಿದರು. ಪಶ್ಚಿಮ ಘಟ್ಟದ ಎರಡು ಸಾವಿರದಷ್ಟು ಜಾತಿಗಳು ಅಲ್ಲಿ ಆಶ್ರಯ ಪಡೆದಿವೆ. ಅವುಗಳ ಬಹುಪಾಲು ಆರೈಕೆ ಮಾಡುವವರು ಸುತ್ತಲಿನ ಊರಿನ ಹೆಂಗಸರು. ಯಾವ ಜರಿಗಿಡಕ್ಕೆ ಎಷ್ಟು ನೆರಳು, ಯಾವ ಆರ್ಕಿಡ್ಡಿಗೆ ಎಂಥ ಕೊಂಬೆ ಎಂಬುದು ಅವರ ಬೆರಳಲ್ಲಿದೆ.

ನಮಗೆ ಅಷ್ಟು ದೊಡ್ಡದು ಬೇಡ. ಬ್ರಿಟನ್ನಿನಲ್ಲಿ 1978ರಿಂದ ಒಂದು ಏರ್ಪಾಡಿದೆ. ಒಬ್ಬರು ಒಂದು ಕುಲದ ಗಿಡಗಳನ್ನು ವಹಿಸಿಕೊಳ್ಳುತ್ತಾರೆ, ಅದರ ಬಗೆಗಳನ್ನೆಲ್ಲ ಹುಡುಕಿ ತಮ್ಮ ಹಿತ್ತಿಲಲ್ಲಿ ಇಟ್ಟುಕೊಂಡು ದಾಖಲೆ ಬರೆಯುತ್ತಾರೆ. ಅಂಥ ಸಂಗ್ರಹ ಈಗ ಆರುನೂರಕ್ಕೂ ಹೆಚ್ಚು, ಎಷ್ಟೋ ಕಡೆ ಸಾಧಾರಣ ಮನೆಗಳಲ್ಲಿ. ನಮ್ಮಲ್ಲಿ ಒಂದು ಮನೆ ದಾಸವಾಳ, ಒಂದು ಮನೆ ಗೋರಟೆ, ಒಂದು ಮನೆ ಕೆಸುವು ಎಂದು ಹಂಚಿಕೊಂಡರೆ ಸಾಕು. ಎಲ್ಲರೂ ಎಲ್ಲವನ್ನೂ ಇಡಲು ಹೊರಟರೆ ಮೂರನೇ ಮಳೆಗಾಲಕ್ಕೆ ಬೇಸರ ಬರುತ್ತದೆ. ಹೆಸರು ಬರೆಸಲು ಬಾಗಿಲ ಬಳಿ ಪುಸ್ತಕ ಇಟ್ಟಿದ್ದಾರೆ.

ಪ್ರಶ್ನೆಗಳು ಹಲವು ಬಂದವು, ಎರಡನ್ನು ಇಲ್ಲಿ ಕೊಡುತ್ತೇನೆ.

ನೀರ್ಚಾಲಿನ ಕಡೆಯ ಹಿರಿಯ ಹೆಂಗಸೊಬ್ಬರು ಎದ್ದು, “ಕದ್ದು ತಂದ ಗೆಡು ಲಾಯ್ಕ ಬತ್ತು ಹೇಳ್ತವು, ಅಪ್ಪೋ ಮಾಷ್ಟ್ರೇ?” (ಕದ್ದು ತಂದ ಗಿಡ ಚೆನ್ನಾಗಿ ಬರುತ್ತದೆ ಅನ್ನುತ್ತಾರೆ, ಹೌದೋ?) ಎಂದು ಕೇಳಿದರು. ಸಭೆಯೆಲ್ಲ ನಕ್ಕಿತು. ನಾನು ಹೇಳಿದೆ: “ಅಕ್ಕಾ, ಕದ್ದ ಗೆಲ್ಲನ್ನು ಯಾರಿಗೂ ಕಾಣದ ಹಾಗೆ ಕೂಡಲೇ ನೆಡುತ್ತೇವೆ, ಅದಕ್ಕೇ ಬದುಕುತ್ತದೆ. ಕೇಳಿ ತಂದದ್ದು ಎರಡು ದಿವಸ ಚೀಲದಲ್ಲೇ ಬಾಡುತ್ತದೆ. ಕದ್ದರೆ ಎಲ್ಲಿಯದ್ದೆಂದು ಪಟ್ಟಿಯಲ್ಲಿ ಬರೆಯಲು ನಾಚಿಕೆ, ಹಾಗಾಗಿ ಕೇಳಿಯೇ ತನ್ನಿ, ಅಂದೇ ನೆಡಿ.”

ಡಿಗ್ರಿ ಓದುವ ಹುಡುಗನೊಬ್ಬ, “ಸರ್, ಹಂಚಿ ಹಂಚಿ ಅಂತೀರಿ. ಕಸಿ ಮಾಡಿ ಮಾರಿ ದುಡ್ಡು ಮಾಡಿದರೆ ತಪ್ಪಾ?” ಎಂದ. ತಪ್ಪೇನಿಲ್ಲ. ತುಮಕೂರಿನ ಚೇಳೂರಿನಲ್ಲಿ ಒಂದು ಮನೆಯ ಕೆಂಪು ತೊಳೆಯ ಹಲಸಿನ ಮರವಿತ್ತು. ಬೆಂಗಳೂರಿನ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅದನ್ನು ‘ಸಿದ್ದು’ ಎಂದು ಗುರುತಿಸಿ, 2017ರಲ್ಲಿ ಆ ಮನೆಯವರ ಜೊತೆ ಒಪ್ಪಂದ ಮಾಡಿಕೊಂಡಿತು. ಕಸಿ ಗಿಡ ಮಾರಿದ ಹಣದಲ್ಲಿ ದೊಡ್ಡ ಪಾಲು ರೈತನಿಗೇ. ಒಂದೇ ಮರವಾಗಿದ್ದದ್ದು ಹೀಗೆ ಊರೂರಿಗೆ ಹೋಯಿತು, ಯಾರ ಮನೆಯದ್ದೆಂಬ ಗುರುತೂ ಉಳಿಯಿತು. ನಮ್ಮ ಪಕ್ಕದ ಕಣ್ಣೂರಿನ ಕಣ್ಣಪುರದಲ್ಲಿಯೂ ಊರವರೇ ಸೇರಿ ನೂರಕ್ಕೂ ಮಿಕ್ಕಿದ ನಾಟಿ ಮಾವಿನ ಬಗೆಗಳನ್ನು ಗುರುತಿಸಿ, ಕಸಿ ಕಟ್ಟಿ ಉಳಿಸುತ್ತಿದ್ದಾರೆ. ನಿನ್ನ ಮನೆಯ ಕಾಟು ಮಾವಿಗೆ ಗಿರಾಕಿ ಬಂದರೆ ಧಾರಾಳವಾಗಿ ಮಾರಪ್ಪಾ, ಆದರೆ ಮೊದಲಿನ ಎರಡು ಕಸಿಯನ್ನು ನೆರೆಮನೆಯವರ ಜಾಗದಲ್ಲಿ ನೆಟ್ಟುಬಂದ ಮೇಲೆ.